ಹಾಸಿಗೆ ಖಾಲಿ ಇದ್ದರೂ ಜನ ಬೀದಿಯಲ್ಲಿ ಯಾಕೆ ಸಾಯುತ್ತಾರೆ?

ಪ್ರತಿ ಚಳಿಗಾಲದಲ್ಲೂ ದೆಹಲಿಯಿಂದ ಎರಡು ಬಗೆಯ ಸುದ್ದಿ ಬರುತ್ತವೆ. ಬೀದಿಯಲ್ಲಿ ಮಲಗಿದ್ದ ಇಷ್ಟು ಮಂದಿ ಚಳಿಗೆ ಸತ್ತರು ಅನ್ನುವುದು ಒಂದು. ರಾತ್ರಿ ತಂಗುದಾಣಗಳಲ್ಲಿ ಹಾಸಿಗೆಗಳು ಖಾಲಿ ಬಿದ್ದಿವೆ ಅನ್ನುವುದು ಇನ್ನೊಂದು. ಊರು ಒಂದೇ, ಕೆಲವೊಮ್ಮೆ ವಾರವೂ ಒಂದೇ. ಓದಿದವರಿಗೆ ತಲೆಬುಡ ಅರ್ಥ ಆಗುವುದಿಲ್ಲ. ಜಾಗ ಇದ್ದರೆ ಹೋಗಿ ಮಲಗಬಹುದಿತ್ತು ಅಲ್ವಾ?

2025ರ ಆರಂಭದಲ್ಲಿ ಈ ಗೊಂದಲ ಇನ್ನೂ ಜಾಸ್ತಿಯಾಯಿತು. ಆ ಚಳಿಗಾಲದ 56 ದಿನಗಳಲ್ಲಿ ದೆಹಲಿಯಲ್ಲಿ ಮನೆಯಿಲ್ಲದ 474 ಮಂದಿ ಸತ್ತಿದ್ದಾರೆ ಎಂದು ಸೆಂಟರ್ ಫಾರ್ ಹೋಲಿಸ್ಟಿಕ್ ಡೆವಲಪ್‌ಮೆಂಟ್ ಎಂಬ ಸ್ವಯಂಸೇವಾ ಸಂಸ್ಥೆ ಹೇಳಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿಯೇ ಇದನ್ನು ಕೈಗೆತ್ತಿಕೊಂಡು, ದೆಹಲಿಯ ಮುಖ್ಯ ಕಾರ್ಯದರ್ಶಿಗೂ ಪೊಲೀಸ್ ಆಯುಕ್ತರಿಗೂ ನೋಟಿಸ್ ಕೊಟ್ಟಿತು. ಎರಡು ವಾರ ಕಳೆಯುವಷ್ಟರಲ್ಲಿ, ಮನೆಯಿಲ್ಲದವರ ಪ್ರಕರಣವನ್ನೇ ಕೇಳುತ್ತಿದ್ದ ಸುಪ್ರೀಂ ಕೋರ್ಟ್ ಪೀಠದಿಂದ ಬೇರೆಯೇ ಮಾತು ಬಂತು. ಉಚಿತ ಕೊಡುಗೆಗಳಿಂದ ಜನ ದುಡಿಯುವುದನ್ನು ಬಿಡುತ್ತಿದ್ದಾರೆಯೇ ಎಂದು ಪೀಠ ಕೇಳಿತು.

ಹಾಗಾದರೆ ತೊಂದರೆ ಎಲ್ಲಿದೆ? ಹಾಸಿಗೆಗಳ ಕೊರತೆ ನಿಜ, ಅದನ್ನು ಮುಂದೆ ನೋಡೋಣ. ಆದರೆ ಫುಟ್‌ಪಾತ್‌ಗೂ ಹಾಸಿಗೆಗೂ ನಡುವೆ ಇನ್ನೊಂದು ಕೆಲಸ ಇದೆ. ಬೀದಿಗೆ ಹೋಗುವುದು, ಅದೇ ಮನುಷ್ಯನನ್ನು ಮತ್ತೆ ಮತ್ತೆ ಮಾತಾಡಿಸುವುದು, ಅವರು ಯಾಕೆ ಬರುತ್ತಿಲ್ಲ ಎಂದು ಕೇಳಿಸಿಕೊಳ್ಳುವುದು, ಬರುವಂತೆ ಮಾಡುವುದು. ನಮ್ಮ ಯೋಜನೆಗಳಲ್ಲಿ ಈ ಕೆಲಸಕ್ಕೆ ಕೊನೆಯ ಜಾಗ. ಖಾಲಿ ಹಾಸಿಗೆ ಮತ್ತು ಬೀದಿಯ ಸಾವು, ಎರಡೂ ಸುದ್ದಿಯ ಬೇರು ಇಲ್ಲೇ ಇದೆ.

ಸಾವಿನ ಲೆಕ್ಕ ಯಾಕೆ ಹೊಂದುವುದಿಲ್ಲ

ಮೊದಲು 474ರ ವಿಷಯ. ಒಬ್ಬರು ನೂರಾರು ಸಾವು ಅನ್ನುತ್ತಾರೆ, ಆಡಳಿತ ಚಳಿಯಿಂದ ಯಾರೂ ಸತ್ತಿಲ್ಲ ಅನ್ನುತ್ತದೆ. ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕು ಅನ್ನಿಸುತ್ತದೆ. ನಿಜ ಏನೆಂದರೆ, ಇಬ್ಬರೂ ಎಣಿಸುತ್ತಿರುವುದು ಬೇರೆ ಬೇರೆ ವಿಷಯಗಳನ್ನು.

ಬೀದಿಯಲ್ಲಿ ಹೆಣ ಸಿಕ್ಕರೆ ಪೊಲೀಸರು ಅಸಹಜ ಸಾವು ಎಂದು ದಾಖಲಿಸಿಕೊಳ್ಳುತ್ತಾರೆ. ಗುರುತು ಸಿಗದಿದ್ದರೆ ವಿವರವನ್ನು ಜಿಪ್‌ನೆಟ್ ಎಂಬ ಪೊಲೀಸ್ ಜಾಲತಾಣಕ್ಕೆ ಹಾಕುತ್ತಾರೆ. ಸಂಬಂಧಿಕರು ಬರಬಹುದೆಂದು ಕೆಲ ದಿನ ಕಾಯುತ್ತಾರೆ, ಆಮೇಲೆ ಅಂತ್ಯಸಂಸ್ಕಾರ. ಸ್ವಯಂಸೇವಾ ಸಂಸ್ಥೆ ಲೆಕ್ಕ ಹಾಕುವುದು ಈ ಗುರುತಿಲ್ಲದ ಶವಗಳ ಪಟ್ಟಿಯಿಂದ. ಇವರಲ್ಲಿ ಬಹುಪಾಲು ಮನೆಯಿಲ್ಲದವರೇ ಇರುತ್ತಾರೆ ಎಂಬ ಅಂದಾಜಿನ ಮೇಲೆ ಆ ಸಂಖ್ಯೆ ನಿಂತಿದೆ. ಅವರೆಲ್ಲ ಚಳಿಯಿಂದಲೇ ಸತ್ತರು ಎಂದು ಅದರಿಂದ ಸಾಬೀತಾಗುವುದಿಲ್ಲ. ಕಾಯಿಲೆ, ಅಪಘಾತ, ಕುಡಿತ ಎಲ್ಲವೂ ಅದರಲ್ಲಿ ಸೇರಿರಬಹುದು.

ಇನ್ನು ಆಡಳಿತದ ಕಡೆಯ ಲೆಕ್ಕ. ಮರಣೋತ್ತರ ಪರೀಕ್ಷೆಯಲ್ಲಿ 'ಚಳಿಯಿಂದ ಸಾವು' ಎಂದು ಬರೆಯುವುದು ವೈದ್ಯರಿಗೆ ಸುಲಭ ಅಲ್ಲ. ವಿಷ ಅಥವಾ ಗಾಯ ಬಿಡುವಂಥ ಖಚಿತ ಗುರುತನ್ನು ಚಳಿ ದೇಹದಲ್ಲಿ ಬಿಡುವುದಿಲ್ಲ. ಬೇರೆ ಕಾರಣಗಳನ್ನೆಲ್ಲ ತಳ್ಳಿಹಾಕಿದ ಮೇಲಷ್ಟೇ ಆ ತೀರ್ಮಾನಕ್ಕೆ ಬರಬೇಕು. ಸತ್ತವರಿಗೆ ಕ್ಷಯ ಇತ್ತು, ಹೃದಯ ದುರ್ಬಲವಾಗಿತ್ತು ಅಥವಾ ಕುಡಿದಿದ್ದರು ಅಂದರೆ ಅದೇ ಕಾರಣವಾಗಿ ದಾಖಲಾಗುತ್ತದೆ. ಅದೇ ಕ್ಷಯದ ರೋಗಿ ಬೆಚ್ಚಗಿನ ಕೋಣೆಯಲ್ಲಿ ಮಲಗಿದ್ದರೆ ಆ ರಾತ್ರಿ ಬದುಕುತ್ತಿದ್ದರೇ? ಈ ಪ್ರಶ್ನೆಗೆ ಫಾರಂನಲ್ಲಿ ಜಾಗ ಇಲ್ಲ.

ದೇಶದ ಮಟ್ಟದಲ್ಲೂ ಹೀಗೆಯೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಇಡೀ ಭಾರತದಲ್ಲಿ ಚಳಿಗೆ ಸತ್ತವರು 720 ಮಂದಿ, ಬಿಸಿಲಿನ ಹೊಡೆತಕ್ಕೆ ಸತ್ತವರು 730 ಮಂದಿ. ಇವು ಕಾರಣ ಖಚಿತವಾಗಿ ಬರೆದಿರುವ ಸಾವುಗಳು ಮಾತ್ರ. ಹಾಗಾಗಿ ನೂರಾರು ಅನ್ನುವ ಸಂಖ್ಯೆ ನಿಜಕ್ಕಿಂತ ಹೆಚ್ಚಿರಬಹುದು, ಸೊನ್ನೆ ಅನ್ನುವುದು ಖಂಡಿತ ಕಡಿಮೆ. ಕಾರಣ ಏನೇ ಬರೆದಿರಲಿ, ಇಷ್ಟು ಜನ ಬೀದಿಯಲ್ಲಿ ಯಾರ ಗಮನಕ್ಕೂ ಬಾರದೆ ಸಾಯುತ್ತಿದ್ದಾರೆ ಅನ್ನುವುದರಲ್ಲಿ ಎರಡು ಮಾತಿಲ್ಲ.

ಹತ್ತು ಡಿಗ್ರಿಯಲ್ಲೂ ಸಾಯಬಹುದೇ?

ಹಿಮ ಬೀಳದ ಊರಲ್ಲಿ ಚಳಿಗೆ ಸಾಯುವುದು ಹೇಗೆ ಎಂದು ನಮ್ಮ ಕಡೆಯವರಿಗೆ ಅನ್ನಿಸಬಹುದು. ಹವಾಮಾನ ಇಲಾಖೆ ಬಯಲು ಸೀಮೆಯಲ್ಲಿ ಶೀತಗಾಳಿ ಎಂದು ಘೋಷಿಸುವುದು ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಕೆಳಗಿದ್ದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಇಳಿದಾಗ. 4 ಡಿಗ್ರಿ ಮುಟ್ಟಿದರೆ ನೇರವಾಗಿ ಶೀತಗಾಳಿಯೇ.

ಆದರೆ ದೇಹ ಈ ಲೆಕ್ಕ ನೋಡಿ ಸಾಯುವುದಿಲ್ಲ. ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ ಶುರು. ಸಿಮೆಂಟ್ ನೆಲ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಬಟ್ಟೆ ಇಬ್ಬನಿಗೋ ಮಳೆಗೋ ಒದ್ದೆಯಾದರೆ ಬಿಸಿ ಇನ್ನೂ ಬೇಗ ಹೋಗುತ್ತದೆ. ಸರಿಯಾಗಿ ಊಟ ಮಾಡದವರ ದೇಹದಲ್ಲಿ ಬಿಸಿ ಹುಟ್ಟಿಸಲು ಶಕ್ತಿಯೇ ಇರುವುದಿಲ್ಲ. ಕುಡಿದರೆ ಬೆಚ್ಚಗಾದಂತೆ ಅನ್ನಿಸುತ್ತದೆ, ಆದರೆ ಆಗ ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಬಿಸಿ ಹೊರಗೆ ಹೋಗುತ್ತಿರುತ್ತದೆ. ಮೈ ತಣ್ಣಗಾಗುತ್ತಾ ಹೋದಂತೆ ಬುದ್ಧಿಯೂ ಮಂಕಾಗುತ್ತದೆ. ಎದ್ದು ಹೋಗಬೇಕು ಅನ್ನುವ ಯೋಚನೆಯೇ ಬರುವುದಿಲ್ಲ. ತೊಂದರೆ ಇದ್ದವರು ತಾವೇ ಬರುತ್ತಾರೆ ಎಂದು ತಂಗುದಾಣದಲ್ಲಿ ಕಾದು ಕೂತರೆ, ತೀರಾ ಅಪಾಯದಲ್ಲಿ ಇರುವವರೇ ಬರುವುದಿಲ್ಲ.

ಇಂದಿನ ನಿಯಮ ಹುಟ್ಟಿದ್ದು ಹೇಗೆ

2009ರ ಡಿಸೆಂಬರ್‌ನಲ್ಲಿ, ನಡು ಚಳಿಗಾಲದಲ್ಲಿ, ದೆಹಲಿ ಮಹಾನಗರಪಾಲಿಕೆ ಪೂಸಾ ರಸ್ತೆಯ ವೃತ್ತದ ಬಳಿ ಇದ್ದ ತಾತ್ಕಾಲಿಕ ತಂಗುದಾಣವೊಂದನ್ನು ಕೆಡವಿತು. ಅಲ್ಲಿದ್ದವರು ಬೀದಿಗೆ ಬಿದ್ದರು, ಸಾವುಗಳ ಸುದ್ದಿ ಬಂತು. ಆಗ ಆಹಾರದ ಹಕ್ಕಿನ ಬಗ್ಗೆ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ್ದ ಮೊಕದ್ದಮೆ ಸುಪ್ರೀಂ ಕೋರ್ಟ್‌ನಲ್ಲಿ ನಡೆಯುತ್ತಿತ್ತು. ಅದರಲ್ಲಿ ಕೋರ್ಟ್ ನೇಮಿಸಿದ್ದ ಆಯುಕ್ತರಾದ ಎನ್.ಸಿ. ಸಕ್ಸೇನಾ ಮತ್ತು ಹರ್ಷ ಮಂದರ್ ಈ ಬಗ್ಗೆ ಬರೆದರು. 2010ರ ಜನವರಿಯಲ್ಲೇ ಕೋರ್ಟ್ ಆದೇಶ ಬಂತು. ಮೊದಲು ದೆಹಲಿಗೆ, ನಂತರ ದೊಡ್ಡ ನಗರಗಳಿಗೆಲ್ಲ. ಪ್ರತಿ 1 ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ ಇರಬೇಕು, ಅದು ವರ್ಷವಿಡೀ, ದಿನದ 24 ಗಂಟೆ ತೆರೆದಿರಬೇಕು.

2013ರಲ್ಲಿ ನಗರದ ಬಡವರಿಗಾಗಿ ಕೇಂದ್ರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಶುರುವಾದಾಗ ಇದೇ ಮಾನದಂಡ ಅದರೊಳಗೆ ಬಂತು. ಲಕ್ಷ ಜನರಿಗೆ ಕನಿಷ್ಠ 100 ಮಂದಿಗೆ ಜಾಗ, ಒಬ್ಬರಿಗೆ 50 ಚದರ ಅಡಿ. ಕಾಗದದ ಮೇಲೆ ಚೆನ್ನಾಗಿತ್ತು. ಜಾರಿಗೆ ಮಾತ್ರ ಬರಲಿಲ್ಲ. ನ್ಯಾಯಮೂರ್ತಿ ಕೈಲಾಶ್ ಗಂಭೀರ್ ನೇತೃತ್ವದಲ್ಲಿ ಕೋರ್ಟ್ ರಚಿಸಿದ ಸಮಿತಿ 2017ರಲ್ಲಿ ವರದಿ ಕೊಟ್ಟಿತು. ದೇಶದಲ್ಲಿ ಬೇಕಾದ ಜಾಗದ ಸುಮಾರು ಶೇ. 90ರಷ್ಟು ಇಲ್ಲವೇ ಇಲ್ಲ ಎಂದು ಅದು ಹೇಳಿತು.

2024ರ ಕೊನೆಯಲ್ಲಿ ಕೋರ್ಟ್ ಮುಂದೆ ಬಂದ ಮಾಹಿತಿಯಂತೆ ದೇಶದಲ್ಲಿ 2,557 ತಂಗುದಾಣಗಳಿಗೆ ಮಂಜೂರಾತಿ ಸಿಕ್ಕಿದೆ. ಅವುಗಳಲ್ಲಿ ನಡೆಯುತ್ತಿರುವುದು 1,995. ಒಟ್ಟು ಸುಮಾರು 1.16 ಲಕ್ಷ ಹಾಸಿಗೆ. 2011ರ ಜನಗಣತಿ ಎಣಿಸಿದ್ದು ಮನೆಯಿಲ್ಲದ 17.7 ಲಕ್ಷ ಜನರನ್ನು, ಅವರಲ್ಲಿ ನಗರಗಳಲ್ಲಿ ಇದ್ದವರು 9.38 ಲಕ್ಷ. ಆ ಹಳೆಯ ಲೆಕ್ಕ ಹಿಡಿದರೂ ಎಂಟು ಮಂದಿಗೆ ಒಂದು ಹಾಸಿಗೆ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. 2,500 ಚದರ ಅಡಿಯ ಹಾಲ್‌ನಲ್ಲಿ ನಿಯಮದ ಪ್ರಕಾರ 50 ಜನ ಮಲಗಬೇಕು. ಅದೇ ಹಾಲ್‌ನಲ್ಲಿ ಒತ್ತೊತ್ತಾಗಿ 100 ಜನಕ್ಕೆ ಜಾಗ ತೋರಿಸಬಹುದು. ದಾಖಲೆಯಲ್ಲಿ 100 ಎಂದಿದ್ದು ಆ ರಾತ್ರಿ 60 ಜನ ಬಂದರೆ ಏನಾಗುತ್ತದೆ? ಕಾಗದದಲ್ಲಿ 40 ಹಾಸಿಗೆ ಖಾಲಿ. ನಿಯಮದ ಪ್ರಕಾರ 10 ಜನ ಹೆಚ್ಚು. ಎಷ್ಟೋ 'ಖಾಲಿ ಹಾಸಿಗೆ' ಸುದ್ದಿಗಳನ್ನು ಈ ಕಣ್ಣಲ್ಲೂ ನೋಡಬೇಕು.

ಬರುವುದಿಲ್ಲ ಯಾಕೆ?

ಅಷ್ಟಾದ ಮೇಲೂ ನಿಜವಾಗಿ ಖಾಲಿ ಇರುವ ಜಾಗಗಳಿವೆ. ಬೀದಿಯವರಿಗೆ ಅಲ್ಲೇ ಅಭ್ಯಾಸ ಆಗಿಬಿಟ್ಟಿದೆ, ಕರೆದರೂ ಬರುವುದಿಲ್ಲ ಅನ್ನುವ ಮಾತು ಎಲ್ಲ ಊರಲ್ಲೂ ಕೇಳಿಬರುತ್ತದೆ. ಆದರೆ ಒಬ್ಬೊಬ್ಬರ ರಾತ್ರಿಯನ್ನು ಬಿಡಿಸಿ ನೋಡಿದರೆ ಅವರ ಲೆಕ್ಕಾಚಾರ ಅರ್ಥವಾಗುತ್ತದೆ.

ಮೊದಲನೆಯದು ಕೆಲಸ. ಮನೆಯಿಲ್ಲದವರಲ್ಲಿ ಹೆಚ್ಚಿನವರು ದುಡಿಯುವವರು. ಸಗಟು ಮಾರುಕಟ್ಟೆಯಲ್ಲಿ, ಅಂದರೆ ಮಂಡಿಯಲ್ಲಿ, ಮೂಟೆ ಹೊರುವವರು, ತಳ್ಳುಗಾಡಿ ಎಳೆಯುವವರು, ರಿಕ್ಷಾ ತುಳಿಯುವವರು, ಚಿಂದಿ ಆಯುವವರು, ಮದುವೆ ಮನೆಯಲ್ಲಿ ಬಡಿಸುವವರು. ಲಾರಿ ಬರುವುದು ಬೆಳಗಿನ ಜಾವ ಮೂರಕ್ಕೆ. ಆ ಹೊತ್ತಿಗೆ ಮಂಡಿ ಮುಂದೆ ಇದ್ದವರಿಗೆ ಕೂಲಿ. ನಾಲ್ಕು ಕಿಲೋಮೀಟರ್ ದೂರದ ತಂಗುದಾಣದಲ್ಲಿ ಬೆಚ್ಚಗೆ ಮಲಗಿದವರಿಗೆ ಆ ದಿನದ ಕೂಲಿ ಇಲ್ಲ. ಮದುವೆ ಊಟ ಬಡಿಸಿ ಬರುವವರು ತಂಗುದಾಣ ಮುಟ್ಟುವುದು ಮಧ್ಯರಾತ್ರಿ ಕಳೆದ ಮೇಲೆ. ಅಷ್ಟು ಹೊತ್ತಲ್ಲಿ ಬಾಗಿಲು ತೆರೆಯುತ್ತಾರೆ ಅನ್ನುವ ಭರವಸೆ ಇರುವುದಿಲ್ಲ. ಹಾಗಾಗಿ ಮಂಡಿ ಹತ್ತಿರದ ತಂಗುದಾಣ ಕಿಕ್ಕಿರಿದಿರುತ್ತದೆ, ಊರಾಚೆಯದು ಖಾಲಿ. ಒಟ್ಟು ಕೂಡಿಸಿದಾಗ ಮಾತ್ರ 'ಜಾಗ ಇದೆ' ಎಂದು ಕಾಣುತ್ತದೆ.

ಎರಡನೆಯದು ಸಾಮಾನು. ರಿಕ್ಷಾ ಬಾಡಿಗೆಯದು, ಕಳೆದುಹೋದರೆ ದಂಡ ಕಟ್ಟಬೇಕು. ಅದನ್ನು ನಿಲ್ಲಿಸಲು ಜಾಗ ಇಲ್ಲದ ಕಡೆ ಅವರು ಹೇಗೆ ಮಲಗುತ್ತಾರೆ? ಚಿಂದಿ ಆಯ್ದ ಚೀಲ ಅವರಿಗೆ ಎರಡು ದಿನದ ದುಡಿಮೆ. ಒಳಗೆ ತರಬೇಡ ಅಂದರೆ ಅವರೂ ಹೊರಗೇ ಉಳಿಯುತ್ತಾರೆ.

ಮೂರನೆಯದು ಮನೆಯವರು. ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಇನ್ನೊಂದು ಕಡೆ ಎಂದರೆ ಗಂಡ, ಹೆಂಡತಿ, ಹದಿಹರೆಯದ ಮಗ, ಸಣ್ಣ ಮಗಳು ಇರುವ ಕುಟುಂಬ ಒಡೆಯಬೇಕಾಗುತ್ತದೆ. ಬೀದಿಯಲ್ಲಿ ಕಡೇಪಕ್ಷ ಎಲ್ಲರೂ ಒಟ್ಟಿಗೆ ಇರುತ್ತಾರೆ. ಕುಟುಂಬಗಳಿಗೆಂದೇ ಇರುವ ತಂಗುದಾಣಗಳು ಕಡಿಮೆ. ಒಂಟಿ ಹೆಂಗಸರಿಗೆ ಭಯ ಇನ್ನೂ ಜಾಸ್ತಿ. ಗೊತ್ತಿಲ್ಲದ ಜಾಗಕ್ಕಿಂತ ಗೊತ್ತಿರುವ ದರ್ಗಾ ಅಥವಾ ಗುಡಿಯ ಮುಂದೆ, ಗೊತ್ತಿರುವ ನಾಲ್ಕು ಹೆಂಗಸರ ಜೊತೆ ಮಲಗುವುದು ಅವರಿಗೆ ಸುರಕ್ಷಿತ.

ಆಸ್ಪತ್ರೆಗಳ ಮುಂದಿನ ಜನರದ್ದು ಬೇರೆಯೇ ಕಥೆ. ದೆಹಲಿಯ ಏಮ್ಸ್ ಹೊರಗೆ ಮಲಗುವವರಲ್ಲಿ ಬಿಹಾರ, ಉತ್ತರ ಪ್ರದೇಶದಿಂದ ಚಿಕಿತ್ಸೆಗೆ ಬಂದವರು ಬಹಳ. ಅವರಿಗೆ ಊರಲ್ಲಿ ಮನೆ ಇದೆ. ಬೆಳಗ್ಗೆ ಚೀಟಿಗೆ ಸಾಲು ನಿಲ್ಲಬೇಕು, ಒಳಗಿರುವ ರೋಗಿಗೆ ಯಾವಾಗ ಏನು ಬೇಕೋ ಗೊತ್ತಿಲ್ಲ. ಗೇಟು ಬಿಟ್ಟು ದೂರ ಹೋಗಲು ಅವರಿಗೆ ಧೈರ್ಯ ಬರುವುದಿಲ್ಲ.

ಇದರ ಜೊತೆಗೆ ತಿಗಣೆ, ಕೊಳಕು ಶೌಚಾಲಯ, ಕಳ್ಳತನ, ಜಗಳ. ಗುರುತಿನ ಚೀಟಿ ಕೇಳುವುದು ಇನ್ನೊಂದು ಅಡ್ಡಿ. 2018ರ ಜನವರಿಯಲ್ಲಿ ಮನೆಯಿಲ್ಲದವರ ಪ್ರಕರಣದಲ್ಲಿ ಉತ್ತರ ಪ್ರದೇಶ ಸರ್ಕಾರವನ್ನು ಸುಪ್ರೀಂ ಕೋರ್ಟ್ ಕೇಳಿದ ಪ್ರಶ್ನೆ ನೆನಪಿಡುವಂಥದ್ದು. ಮನೆಯೇ ಇಲ್ಲದವರು ಆಧಾರ್‌ಗೆ ಯಾವ ವಿಳಾಸ ಕೊಡಬೇಕು? ಆಧಾರ್ ಇಲ್ಲ ಅಂದರೆ ಸರ್ಕಾರದ ಪಾಲಿಗೆ ಅವರು ಇಲ್ಲವೇ ಇಲ್ಲವೇ?

ವ್ಯಾನ್ ಕಂಡರೆ ಓಡುವವರು

ದೆಹಲಿಯಲ್ಲಿ ತಂಗುದಾಣಗಳನ್ನು ನೋಡಿಕೊಳ್ಳುವುದು ದೆಹಲಿ ನಗರ ಆಶ್ರಯ ಸುಧಾರಣಾ ಮಂಡಳಿ. ಚಳಿಗಾಲದ ಯೋಜನೆ ಎಂದು ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಹೆಚ್ಚುವರಿ ಟೆಂಟ್ ಹಾಕುತ್ತಾರೆ. ರಾತ್ರಿ ವಾಹನಗಳು ಸುತ್ತುತ್ತವೆ. ಯಾರಾದರೂ ಬೀದಿಯಲ್ಲಿ ಮಲಗಿದ್ದು ಕಂಡರೆ ಸಾರ್ವಜನಿಕರು ಫೋನ್ ಮಾಡಬಹುದು, ಆ್ಯಪ್‌ನಲ್ಲಿ ಫೋಟೋ ಹಾಕಬಹುದು. ಒಳ್ಳೆಯ ವ್ಯವಸ್ಥೆಯೇ. ಆದರೂ ಮಧ್ಯರಾತ್ರಿ ವ್ಯಾನ್ ಬಂದು ನಿಂತರೆ ಎಷ್ಟೋ ಜನ ಎದ್ದು ಓಡುತ್ತಾರೆ.

ಈ ಭಯಕ್ಕೆ ಇತಿಹಾಸ ಇದೆ. ಬೀದಿಯಲ್ಲಿ ಇರುವವರನ್ನು ಭಿಕ್ಷುಕರೆಂದು ಹಿಡಿದು ಒಳಗೆ ಹಾಕುವ ಕಾನೂನು ದಶಕಗಳ ಕಾಲ ನಡೆದಿದೆ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ ದೆಹಲಿಗೂ ಅನ್ವಯಿಸುತ್ತಿತ್ತು. ಭಿಕ್ಷೆಯನ್ನು ಅಪರಾಧ ಮಾಡುವ ಅದರ ಕಲಮುಗಳನ್ನು ದೆಹಲಿ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ರದ್ದು ಮಾಡಿತು. ಕಾನೂನು ಹೋದರೂ ನೆನಪು ಹೋಗುವುದಿಲ್ಲ. ವ್ಯಾನ್‌ನಲ್ಲಿ ಕೂರಿಸಿಕೊಂಡು ಹೋಗುವವರು ಹಾಸಿಗೆ ಕೊಡುತ್ತಾರೋ, ಕೂಡಿಹಾಕುತ್ತಾರೋ ಎಂದು ಕತ್ತಲಲ್ಲಿ ಹೇಗೆ ತಿಳಿಯಬೇಕು?

ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 3ರಷ್ಟು ಭಿಕ್ಷುಕರ ಕರ ಸೇರುವುದು ಈ ಕಾಯ್ದೆಯ ಕೆಳಗೇ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ರಾಜ್ಯವೇ ಬೆಚ್ಚಿತ್ತು. ಇಂಥ ಸುದ್ದಿ ಬೀದಿಯಲ್ಲಿ ಬಾಯಿಂದ ಬಾಯಿಗೆ ಹರಡಿ ವರ್ಷಗಟ್ಟಲೆ ಉಳಿಯುತ್ತದೆ.

ತಂಗುದಾಣವನ್ನೇ ಕೆಡವಿದರೆ ನಂಬಿಕೆ ಇನ್ನೂ ಕುಸಿಯುತ್ತದೆ. 2023ರ ಫೆಬ್ರವರಿಯಲ್ಲಿ, ಜಿ-20 ಸಭೆಗಳಿಗೆ ದೆಹಲಿ ಸಿಂಗಾರಗೊಳ್ಳುತ್ತಿದ್ದ ಕಾಲದಲ್ಲಿ, ಸರಾಯ್ ಕಾಲೇ ಖಾನ್ ಬಳಿಯ ತಂಗುದಾಣವೊಂದು ನೆಲಸಮವಾಯಿತು. ನಿನ್ನೆ ಒಳಗೆ ಬನ್ನಿ ಎಂದವರೇ ಇವತ್ತು ಹೊರಗೆ ಹೋಗಿ ಅಂದರೆ, ಮುಂದಿನ ಚಳಿಗಾಲದಲ್ಲಿ ಕರೆಯಲು ಹೋದವರ ಮಾತನ್ನು ಯಾರು ಕೇಳುತ್ತಾರೆ?

ಕಂಬಳಿ ಹಂಚಿದರೆ ಸಾಕೇ?

ಚಳಿ ಬಂದೊಡನೆ ಜನ ಮುಂದೆ ಬರುತ್ತಾರೆ. ಗುರುದ್ವಾರಗಳ ಲಂಗರ್ ಎಂಬ ಉಚಿತ ಊಟ, ಮಸೀದಿ, ದೇವಸ್ಥಾನಗಳ ಊಟ, ಕಾಲೇಜು ಹುಡುಗರ ಗುಂಪು, ಕಂಪನಿಗಳ ಕಂಬಳಿ ವಿತರಣೆ. ಇದನ್ನು ಸುಮ್ನೆ ಪ್ರಚಾರ ಎಂದು ತಳ್ಳಿಹಾಕುವುದು ತಪ್ಪು. ನೆಲಕ್ಕೂ ಮೈಗೂ ನಡುವೆ ಒಂದು ಕಂಬಳಿ, ಹೊಟ್ಟೆಗೆ ಬಿಸಿ ಊಟ ಇದ್ದರೆ ಆ ರಾತ್ರಿ ಒಂದು ಜೀವ ಉಳಿಯಬಹುದು.

ತೊಂದರೆ ಇರುವುದು ಹಂಚುವ ರೀತಿಯಲ್ಲಿ. ಎಲ್ಲರೂ ಮುಖ್ಯರಸ್ತೆಯ, ಹೆಸರುವಾಸಿ ಜಾಗಗಳಿಗೇ ಹೋಗುತ್ತಾರೆ. ಅಲ್ಲಿ ಒಬ್ಬರಿಗೆ ಒಂದೇ ರಾತ್ರಿ ಮೂರು ಕಂಬಳಿ. ಮೇಲ್ಸೇತುವೆಯ ಹಿಂಬದಿ, ರೈಲು ಹಳಿಯ ಪಕ್ಕ, ಚರಂಡಿ ಕೊಳವೆಯೊಳಗೆ ಮಲಗಿದವರಿಗೆ ಒಂದೂ ಇಲ್ಲ. ಕಂಬಳಿಯನ್ನು ಹಗಲಲ್ಲಿ ಇಡಲು ಜಾಗ ಇರುವುದಿಲ್ಲ. ಹೊತ್ತುಕೊಂಡು ಕೂಲಿಗೆ ಹೋಗಲು ಆಗುವುದಿಲ್ಲ, ಬಿಟ್ಟರೆ ಕಸದವರು ಒಯ್ಯುತ್ತಾರೆ. ಆಗ ಅವರು ಅದನ್ನು ಮಾರುತ್ತಾರೆ. ಮಾರಿದ್ದನ್ನು ಕಂಡವರು, ಇವರಿಗೆ ಕೊಡುವುದೇ ದಂಡ ಅನ್ನುತ್ತಾರೆ.

ಮನೆಯಿಲ್ಲದವರ ಜೊತೆ ವರ್ಷಗಟ್ಟಲೆ ಇರುವವರು ಮಾಡುವ ಕೆಲಸ ಬೇರೆ ಥರ. ಅದೇ ಇಬ್ಬರು ಮೂವರು ವಾರಕ್ಕೆ ಎರಡು ಸಲ ಅದೇ ಬೀದಿಗೆ ಹೋಗುತ್ತಾರೆ. ಹೆಸರು ಹಿಡಿದು ಕರೆಯುತ್ತಾರೆ. ಯಾರಿಗೆ ಕ್ಷಯದ ಮಾತ್ರೆ ನಡೆಯುತ್ತಿದೆ, ಯಾರ ಕಾಲಿನ ಹುಣ್ಣು ಬಲಿತಿದೆ, ಯಾರು ಎರಡು ದಿನದಿಂದ ಕಾಣುತ್ತಿಲ್ಲ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಶೀತಗಾಳಿಯ ರಾತ್ರಿ ಅವರು ಬಂದು "ಭಯ್ಯಾ, ಇವತ್ತು ಒಳಗೆ ಬನ್ನಿ" ಅಂದರೆ, ಎದುರಿನವರು ಬರಲು ಸಾಧ್ಯತೆ ಹೆಚ್ಚು. ಚಳಿ ಬಂದ ಮೇಲೆ ಈ ಪರಿಚಯ ಮಾಡಿಕೊಳ್ಳಲು ಆಗುವುದಿಲ್ಲ. ಅದು ಜುಲೈ, ಆಗಸ್ಟ್‌ನಲ್ಲೇ ಆಗಿರಬೇಕು.

ಇದಕ್ಕೆ ಬೇಕಾಗಿರುವುದು ಸಂಬಳ. ತಂಗುದಾಣಗಳನ್ನು ಸ್ವಯಂಸೇವಾ ಸಂಸ್ಥೆಗಳಿಗೆ ಗುತ್ತಿಗೆ ಕೊಡುವುದು ರೂಢಿ. ಗುತ್ತಿಗೆ ಬದಲಾದರೆ ಜನರೂ ಬದಲು, ಪರಿಚಯ ಮತ್ತೆ ಮೊದಲಿಂದ. ಕಟ್ಟಡ ಫೋಟೋದಲ್ಲಿ ಕಾಣುತ್ತದೆ, ಉದ್ಘಾಟನೆ ಮಾಡಬಹುದು. ಪರಿಚಯಕ್ಕೆ ಉದ್ಘಾಟನೆ ಇಲ್ಲ, ಆದ್ದರಿಂದ ಬಜೆಟ್ಟಿನಲ್ಲಿ ಅದಕ್ಕೆ ಸಾಲು ಸಿಗುವುದು ಕಷ್ಟ.

ಮನೋರೋಗ ಇರುವವರ ವಿಷಯದಲ್ಲಿ ಬರೀ ಪರಿಚಯವೂ ಸಾಲದು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಬೀದಿಯಲ್ಲಿ ಅಲೆಯುವ ಇಂಥವರನ್ನು ರಕ್ಷಿಸಿ 24 ಗಂಟೆಯೊಳಗೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ತಲುಪಿಸುವ ಹೊಣೆಯನ್ನು ಪೊಲೀಸರ ಮೇಲೆ ಹಾಕಿದೆ. ಲಾಕಪ್‌ನಲ್ಲಿ ಇಡುವಂತಿಲ್ಲ. ಮನೆಯಿಲ್ಲದವರಿಗೆ ಚಿಕಿತ್ಸೆ ಉಚಿತ. ಬೀದಿಯಲ್ಲಿ ಕೆಲಸ ಮಾಡುವವರಿಗೂ ಠಾಣೆಯ ಸಿಬ್ಬಂದಿಗೂ ಈ ಕಾನೂನು ಗೊತ್ತಿದ್ದರೆ ಎಷ್ಟೋ ಜೀವ ಉಳಿಯುತ್ತದೆ.

ಸಾವು ಕ್ಯಾಲೆಂಡರ್ ನೋಡುವುದಿಲ್ಲ

ನವೆಂಬರ್ 15ರಿಂದ ಮಾರ್ಚ್ 15. ಚಳಿಗಾಲದ ಯೋಜನೆ ತಾರೀಕಿನ ಮೇಲೆ ನಿಂತಿದೆ. ಅದರ ಕೊರತೆ 2024ರ ಜೂನ್‌ನಲ್ಲಿ ಕಣ್ಣಿಗೆ ಹೊಡೆಯುವಂತೆ ಕಂಡಿತು. ಆ ತಿಂಗಳ 11ರಿಂದ 19ರವರೆಗೆ ದೆಹಲಿಯಲ್ಲಿ ಮನೆಯಿಲ್ಲದ 192 ಮಂದಿ ಸತ್ತರು ಎಂದು, 474ರ ಲೆಕ್ಕ ಕೊಟ್ಟ ಅದೇ ಸಂಸ್ಥೆ ಹೇಳಿತು. ಇದಕ್ಕೂ ಮೇಲೆ ಹೇಳಿದ ಅಂದಾಜಿನ ಮಿತಿ ಅನ್ವಯಿಸುತ್ತದೆ. ಆದರೆ ತಾಪಮಾನದ ದಾಖಲೆಯಲ್ಲಿ ಅಂದಾಜು ಇಲ್ಲ. ಜೂನ್ 19ರಂದು ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ಕನಿಷ್ಠ ತಾಪಮಾನವೇ 35.2 ಡಿಗ್ರಿ. ರಾತ್ರಿಯೂ ತಂಪಾಗಲಿಲ್ಲ ಅಂದರೆ, ಹಗಲಿಡೀ ಬಿಸಿಲಲ್ಲಿ ದುಡಿದ ದೇಹಕ್ಕೆ ಸುಧಾರಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ಕಾದ ಕಾಂಕ್ರೀಟ್ ಮೇಲೆ ಮಲಗಿದವರಿಗೆ ಕೆಳಗಿನಿಂದಲೂ ಬಿಸಿ. ತಗಡಿನ ತಂಗುದಾಣದಲ್ಲಿ ಫ್ಯಾನ್ ಕೆಟ್ಟಿದ್ದರೆ ಒಳಗಿಗಿಂತ ಹೊರಗೇ ವಾಸಿ. 2023ರ ಜುಲೈನಲ್ಲಿ ಯಮುನೆ 208 ಮೀಟರ್ ದಾಟಿ ದಾಖಲೆ ಬರೆದಾಗ, ನದಿ ದಂಡೆಯಲ್ಲಿ ಇದ್ದವರು ಉಟ್ಟ ಬಟ್ಟೆಯಲ್ಲಿ ಮೇಲೆ ಬರಬೇಕಾಯಿತು.

ಇಂಗ್ಲೆಂಡಿನಲ್ಲಿ ಬೇರೆ ಪದ್ಧತಿ ಇದೆ. ಲಂಡನ್‌ನಲ್ಲಿ ರಾತ್ರಿಯ ಮುನ್ಸೂಚನೆ ಸೊನ್ನೆ ಡಿಗ್ರಿ ಅಂದರೆ ತುರ್ತು ಹವಾಮಾನ ವ್ಯವಸ್ಥೆ ಜಾರಿಗೆ ಬರುತ್ತದೆ. ಮಾಮೂಲಿ ದಿನಗಳಲ್ಲಿ ಸರ್ಕಾರಿ ನೆರವಿಗೆ ಅರ್ಹರಲ್ಲದವರಿಗೂ ಆ ರಾತ್ರಿ ಒಳಗೆ ಜಾಗ. ನ್ಯೂಯಾರ್ಕ್‌ನಲ್ಲೂ ಸೊನ್ನೆ ಡಿಗ್ರಿಗೆ ಇಳಿದ ರಾತ್ರಿ 'ಕೋಡ್ ಬ್ಲೂ' ಘೋಷಿಸುತ್ತಾರೆ, ಬಂದವರನ್ನು ವಾಪಸ್ ಕಳಿಸುವಂತಿಲ್ಲ. ಆ ಊರುಗಳಲ್ಲೂ ಬೀದಿಯಲ್ಲಿ ಜನ ಸಾಯುತ್ತಾರೆ. ಆದರೆ ಯಾವ ರಾತ್ರಿ ನಿಯಮ ಸಡಿಲಿಸಬೇಕು ಅನ್ನುವುದನ್ನು ಅಲ್ಲಿ ಹವಾಮಾನದ ಮುನ್ಸೂಚನೆ ತೀರ್ಮಾನಿಸುತ್ತದೆ. ನಮ್ಮ ಹವಾಮಾನ ಇಲಾಖೆಯೂ ಶೀತಗಾಳಿ, ಬಿಸಿಗಾಳಿ, ಭಾರಿ ಮಳೆಗೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತದೆ. ಕಿತ್ತಳೆ ಎಚ್ಚರಿಕೆ ಬಂದ ರಾತ್ರಿ ಗುರುತಿನ ಚೀಟಿ ಕೇಳಬಾರದು, ರಿಕ್ಷಾ ಒಳಗೆ ಬಿಡಬೇಕು, ಶಾಲೆಯ ಅಥವಾ ಸಮುದಾಯ ಭವನದ ಬಾಗಿಲು ತೆರೆಯಬೇಕು ಎಂದು ಆದೇಶ ಮಾಡಲು ಹೊಸ ಕಟ್ಟಡ ಏನೂ ಬೇಕಿಲ್ಲ.

ಉಚಿತ ಕೊಡುಗೆಯ ವಾದ

2025ರ ಫೆಬ್ರವರಿ 12ರಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಎ.ಜಿ. ಮಸೀಹ್ ಅವರ ಪೀಠ ಕೇಳಿದ ಪ್ರಶ್ನೆಯ ಹಿಂದಿನ ಚಿಂತೆ ಇಷ್ಟು: ಜನರನ್ನು ಮುಖ್ಯವಾಹಿನಿಗೆ ತಂದು ದುಡಿಯುವಂತೆ ಮಾಡುವ ಬದಲು, ಇನ್ನೊಬ್ಬರ ಮೇಲೆ ಬದುಕುವ ವರ್ಗವನ್ನು ಬೆಳೆಸುತ್ತಿದ್ದೇವೆಯೇ? ಚುನಾವಣೆ ಹೊತ್ತಿನ ಘೋಷಣೆಗಳ ಬಗ್ಗೆಯೂ ಪೀಠ ಮಾತಾಡಿತು. ನಗರ ಬಡತನ ನಿರ್ಮೂಲನೆಯ ಹೊಸ ಅಭಿಯಾನ ಅಂತಿಮ ಹಂತದಲ್ಲಿದೆ, ಮನೆಯಿಲ್ಲದವರ ವಿಷಯವೂ ಅದರಲ್ಲಿ ಬರುತ್ತದೆ ಎಂದು ಅಟಾರ್ನಿ ಜನರಲ್ ಹೇಳಿದರು.

ಈ ಚಿಂತೆ ಹಲವರಲ್ಲಿದೆ. ಊಟ, ಹಾಸಿಗೆ ಎಲ್ಲ ಉಚಿತವಾದರೆ ಬೇರೆ ಊರುಗಳಿಂದ ಜನ ಇಲ್ಲಿಗೇ ಬರುತ್ತಾರೆ ಎಂದು ನಗರಪಾಲಿಕೆಗಳು ಹೇಳುತ್ತವೆ. ತಂಗುದಾಣ ತಮ್ಮ ಬೀದಿಯಲ್ಲಿ ಬೇಡ ಅನ್ನುವ ನಿವಾಸಿಗಳ ಸಂಘಗಳಿವೆ. ಬೀದಿಯಲ್ಲಿ ಕೆಲಸ ಮಾಡುವವರಲ್ಲೂ ಕೆಲವರು, ತಂಗುದಾಣಕ್ಕೇ ದುಡ್ಡು ಸುರಿಯಬೇಡಿ, ಕಡಿಮೆ ಬಾಡಿಗೆಯ ಕೋಣೆ ಕೊಡಿ ಅನ್ನುತ್ತಾರೆ. ಈ ಕೊನೆಯ ಮಾತಿನಲ್ಲಿ ತುಂಬಾ ತೂಕ ಇದೆ. ವರ್ಷಗಟ್ಟಲೆ ಹಾಲ್‌ನಲ್ಲಿ ಸಾಲಾಗಿ ಮಲಗುವುದು ಯಾರಿಗೂ ಬದುಕಲ್ಲ.

ಉಚಿತ ಕೊಟ್ಟರೆ ಜನ ದುಡಿಯುವುದಿಲ್ಲ ಅನ್ನುವ ಮೊದಲ ವಾದ ಮಾತ್ರ ಬೀದಿಯ ವಾಸ್ತವಕ್ಕೆ ಹೊಂದುವುದಿಲ್ಲ. ಕೂಲಿ ತಪ್ಪುತ್ತದೆ ಎಂದು ಉಚಿತ ಹಾಸಿಗೆಯನ್ನೇ ಬಿಟ್ಟು ಮಂಡಿ ಮುಂದೆ ಮಲಗುವವರನ್ನು ದುಡಿಯದವರು ಎಂದು ಕರೆಯಲು ಹೇಗೆ ಸಾಧ್ಯ? ಖಾಲಿ ಹಾಸಿಗೆಗಳೇ ಈ ವಾದಕ್ಕೆ ಉತ್ತರ. ಉಚಿತ ಅನ್ನುವುದೊಂದೇ ಜನರನ್ನು ಎಳೆಯುವ ಹಾಗಿದ್ದರೆ ಅವು ಎಂದೋ ತುಂಬಬೇಕಿತ್ತು.

ಬೆಂಗಳೂರು, ಬೀದರ್

ನಮ್ಮಲ್ಲಿ ಚಿತ್ರ ಸ್ವಲ್ಪ ಬೇರೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಮನೆಯಿಲ್ಲದವರು ಸುಮಾರು 76,000. ಡಿಸೆಂಬರ್, ಜನವರಿಯಲ್ಲಿ ಬೀದರ್, ಕಲಬುರಗಿ, ವಿಜಯಪುರದಲ್ಲಿ ಪಾದರಸ 10 ಡಿಗ್ರಿಗಿಂತ ಕೆಳಗೆ ಹೋಗುವ ರಾತ್ರಿಗಳಿವೆ. ಅದೇ ಊರುಗಳಲ್ಲಿ ಏಪ್ರಿಲ್, ಮೇನಲ್ಲಿ 42 ಡಿಗ್ರಿಯ ಬಿಸಿಲು. ಎರಡೂ ತುದಿಯ ಹವಾಮಾನ ಒಂದೇ ಊರಲ್ಲಿ.

ಬೆಂಗಳೂರಿನಲ್ಲಿ ಕೊಲ್ಲುವುದು ಮಳೆ ಮತ್ತು ಅದರ ಜೊತೆ ಬರುವ ಥಂಡಿ. 2022ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಮೇನಲ್ಲಿ, ಒಂದೇ ದಿನ 100 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿದಾಗ ನಾವು ನೋಡಿದ್ದು ಮುಳುಗಿದ ಬಡಾವಣೆಗಳನ್ನು, ಕಾರುಗಳನ್ನು. ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯ, ಮೆಜೆಸ್ಟಿಕ್, ಯಶವಂತಪುರದ ಮೇಲ್ಸೇತುವೆಗಳ ಕೆಳಗೆ ಮಲಗುವವರು ಆ ರಾತ್ರಿ ಎಲ್ಲಿಗೆ ಹೋದರು ಎಂದು ಕೇಳಿದವರು ಕಡಿಮೆ. ಅವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಯಿಂದ ಕೂಲಿಗೆ ಬಂದ ನಮ್ಮವರೂ ಇದ್ದಾರೆ. ಲಕ್ಷಕ್ಕೆ ಒಂದು ಅನ್ನುವ ನಿಯಮದಂತೆ 2011ರ 84 ಲಕ್ಷ ಜನಸಂಖ್ಯೆಗೇ ಬೆಂಗಳೂರಿನಲ್ಲಿ 84 ತಂಗುದಾಣ ಬೇಕು. ನಗರ ಆಮೇಲೆ ಎಷ್ಟು ಬೆಳೆದಿದೆ ಅನ್ನುವುದು ಎಲ್ಲರಿಗೂ ಗೊತ್ತು.

ಮುಂದೆ ಏನಾಗಬಹುದು

ತಂಗುದಾಣಗಳಿಗೆ ದುಡ್ಡು ಕೊಡುತ್ತಿದ್ದ ನಗರ ಜೀವನೋಪಾಯ ಅಭಿಯಾನದ ಅವಧಿ 2024ರ ಸೆಪ್ಟೆಂಬರ್ ಕೊನೆಗೆ ಮುಗಿಯಿತು. ಕೇಂದ್ರದ ದುಡ್ಡು ಕಡಿಮೆಯಾದಾಗ ತಂಗುದಾಣ ನಡೆಸುವ ಭಾರ ಸ್ಥಳೀಯ ಸಂಸ್ಥೆಗಳ ಮೇಲೆ ಬೀಳುತ್ತದೆ. ಸಣ್ಣ ಊರುಗಳ ನಗರಸಭೆಗೆ ಪೌರಕಾರ್ಮಿಕರ ಸಂಬಳ ಕೊಡುವುದೇ ಕಷ್ಟ. ಅಲ್ಲಿ ಮೊದಲು ನಿಲ್ಲುವುದು ಬೀದಿ ಸುತ್ತುವ ಕೆಲಸ, ಆಮೇಲೆ ರಾತ್ರಿ ಊಟ, ಕೊನೆಗೆ ಬಾಗಿಲು.

ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಐದು ನಗರಪಾಲಿಕೆಗಳಿವೆ. ಮೆಜೆಸ್ಟಿಕ್‌ನಲ್ಲಿ ಮಲಗುವವರು ಯಶವಂತಪುರಕ್ಕೆ ಹೋದರೆ ಅವರು ಯಾರ ಹೊಣೆ ಅನ್ನುವುದನ್ನು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಈಗಲೇ ಬರೆದಿಡಬೇಕು. ಇಲ್ಲದಿದ್ದರೆ ಮಳೆ ಬಂದ ರಾತ್ರಿ ಫೋನ್ ಎತ್ತಿದವರು ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅನ್ನುತ್ತಾರೆ.

ಇನ್ನೊಂದು ಅವಕಾಶ ಹತ್ತಿರದಲ್ಲೇ ಇದೆ. ಮುಂದಿನ ಜನಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. 2011ರಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿ. ಆ ರಾತ್ರಿ ಕೆಲಸಕ್ಕೆ ಹೋದವರು, ಕೊಳವೆಯೊಳಗೆ ಇದ್ದವರು, ಪೊಲೀಸರೆಂದು ಹೆದರಿ ಓಡಿದವರು ಲೆಕ್ಕಕ್ಕೆ ಸಿಗಲಿಲ್ಲ. ದೆಹಲಿಯಲ್ಲಿ ಜನಗಣತಿ ಎಣಿಸಿದ್ದು 46,724, ಸಂಘಟನೆಗಳ ಅಂದಾಜು ಒಂದೂವರೆ ಲಕ್ಷಕ್ಕೂ ಮೇಲೆ. ತಂಗುದಾಣ, ಪಡಿತರ, ಬಜೆಟ್ ಎಲ್ಲವೂ ಈ ಸಂಖ್ಯೆಯ ಮೇಲೆ ನಿಲ್ಲುವುದರಿಂದ, ಆ ರಾತ್ರಿ ಗಣತಿದಾರರ ಜೊತೆ ಬೀದಿಯ ಪರಿಚಯ ಇರುವವರು ಹೋಗಬೇಕು. ಯಾರು ಎಲ್ಲಿ ಮಲಗುತ್ತಾರೆ ಅನ್ನುವ ಪಟ್ಟಿಯನ್ನು ಪ್ರತಿ ವಾರ್ಡಿನಲ್ಲಿ ಅದಕ್ಕೂ ತಿಂಗಳುಗಳ ಮೊದಲೇ ಮಾಡಬೇಕು. ಅದೇ ಪಟ್ಟಿ ಹಿಡಿದು, ಮುಂದಿನ ಕಿತ್ತಳೆ ಎಚ್ಚರಿಕೆಯ ರಾತ್ರಿ ಅವರನ್ನು ಹೆಸರು ಹಿಡಿದು ಕರೆಯಬಹುದು.